ಅಗ್ಗದ ಟ್ಯಾಬ್ಲೆಟ್‌ನಲ್ಲಿ ಸರಾಗ ವಿಡಿಯೋ: ನೂಕ್ ಕಲರ್ ಕಲಿಸಿದ ಲೆಕ್ಕ

ಅಮೆರಿಕದ ಹೆಸರಾಂತ ಪುಸ್ತಕ ಮಾರಾಟ ಸಂಸ್ಥೆ ಬಾರ್ನ್ಸ್ ಅಂಡ್ ನೋಬಲ್ 2010ರ ಅಕ್ಟೋಬರ್‌ನಲ್ಲಿ ‘ನೂಕ್ ಕಲರ್’ ಎಂಬ ಇ-ರೀಡರ್ ಅನ್ನು ಪ್ರಕಟಿಸಿತು. ಅದರ ಬೆಲೆ 249 ಡಾಲರ್. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದಿದ್ದ ಆಪಲ್ ಸಂಸ್ಥೆಯ ಐಪ್ಯಾಡ್‌ನ ಆರಂಭಿಕ ಬೆಲೆ 499 ಡಾಲರ್ ಆಗಿತ್ತು. ಅರ್ಧ ಬೆಲೆಗೆ 7 ಅಂಗುಲದ ಬಣ್ಣದ ಪರದೆ ದೊರೆತುದರಿಂದ, ಓದಲೆಂದು ತಯಾರಾದ ಈ ಸಾಧನದಲ್ಲಿ ಚಲನಚಿತ್ರವನ್ನೂ ನೋಡುವ ಆಸೆ ಗ್ರಾಹಕರಲ್ಲಿ ಹುಟ್ಟಿದುದು ಸಹಜವೇ. ಆದರೆ ಕಂಪ್ಯೂಟರಿನಲ್ಲಿದ್ದ ಫೈಲನ್ನು ಇದ್ದಂತೆಯೇ ಮೆಮೊರಿ ಕಾರ್ಡಿಗೆ ಹಾಕಿದರೆ ಚಿತ್ರ ತಡೆತಡೆದು ಚಲಿಸುತ್ತಿತ್ತು, ಇಲ್ಲವೇ ತೆರೆಯುತ್ತಲೇ ಇರಲಿಲ್ಲ. ಇಂಥಲ್ಲಿ ‘ಅಗ್ಗದ ಮಾಲು’ ಎಂದು ಸಾಧನವನ್ನು ದೂರುವುದು ಸುಲಭ. ವಾಸ್ತವದಲ್ಲಿ ತೊಡಕು ಬಹುಮಟ್ಟಿಗೆ ಫೈಲಿನಲ್ಲಿತ್ತು.

ಯಂತ್ರದ ಬಲವೆಷ್ಟು?

ನೂಕ್ ಕಲರ್‌ನಲ್ಲಿದ್ದುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ 800 ಮೆಗಾಹರ್ಟ್ಸ್ ವೇಗದ ಓಮ್ಯಾಪ್ ಪ್ರೊಸೆಸರ್. 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಈ ಸಂಸ್ಥೆ ನಮ್ಮ ಉದ್ಯಮಿಗಳಿಗೆ ಅಪರಿಚಿತವೇನಲ್ಲ. ಓಮ್ಯಾಪ್ ಚಿಪ್ಪಿನಲ್ಲಿ ಮುಖ್ಯ ಪ್ರೊಸೆಸರ್ ಅಲ್ಲದೆ, ವಿಡಿಯೋ ಬಿಡಿಸುವ ಕೆಲಸಕ್ಕೆಂದೇ ಪ್ರತ್ಯೇಕ ವಿಭಾಗವೊಂದಿರುತ್ತದೆ. ಫೈಲು ಆ ವಿಭಾಗಕ್ಕೆ ತಿಳಿದ ರೂಪದಲ್ಲಿದ್ದರೆ ಕೆಲಸ ಹಗುರವಾಗಿ ಸಾಗುತ್ತದೆ. ಇಲ್ಲವಾದರೆ ಇಡೀ ಹೊರೆ ಮುಖ್ಯ ಪ್ರೊಸೆಸರಿನ ಮೇಲೆ ಬಿದ್ದು, ಸಕಾಲದಲ್ಲಿ ಸಿದ್ಧವಾಗದ ಚೌಕಟ್ಟುಗಳು ಬಿಟ್ಟುಹೋಗುತ್ತವೆ. ಕಣ್ಣಿಗೆ ಕಾಣುವ ‘ತಡೆ’ ಎಂದರೆ ಇದೇ.

ಪರದೆಯ ಅಳತೆ, ಫೈಲಿನ ಅಳತೆ

ಈ ಸಾಧನದ ಪರದೆ 1024×600 ಪಿಕ್ಸೆಲ್‌ಗಳದು. ಅಂದರೆ ಒಟ್ಟು 6,14,400 ಬಿಂದುಗಳು. 1920×1080 ಅಳತೆಯ ವಿಡಿಯೋದಲ್ಲಿ ಪ್ರತಿ ಚೌಕಟ್ಟಿಗೆ 20,73,600 ಬಿಂದುಗಳಿರುತ್ತವೆ. ಪರದೆ ತೋರಿಸಬಲ್ಲುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಬಿಂದುಗಳನ್ನು ಬಿಡಿಸಿ, ಮತ್ತೆ ಕುಗ್ಗಿಸುವ ವ್ಯರ್ಥ ದುಡಿಮೆ ಯಂತ್ರದ ಪಾಲಿಗೆ ಬರುತ್ತದೆ. ನೂಕ್ ಕಲರ್‌ಗೆ ಒಗ್ಗುತ್ತಿದ್ದ ಅಳತೆ 854×480. ಇದರಲ್ಲಿರುವುದು 4,09,920 ಬಿಂದುಗಳು. ಹೊರೆ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯ ಸಂಗತಿ ಸಂಕೋಚನದ ಬಗೆ. 2003ರಲ್ಲಿ ರೂಪುಗೊಂಡ ಎಚ್.264 ಮಾನಕದಲ್ಲಿ ಹಲವು ‘ಪ್ರೊಫೈಲ್’ಗಳಿವೆ. ಅವುಗಳಲ್ಲಿ ‘ಬೇಸ್‌ಲೈನ್’ ಸರಳವಾದುದು. ‘ಹೈ’ ಪ್ರೊಫೈಲಿನಲ್ಲಿ ಹಿಂದಿನ ಮತ್ತು ಮುಂದಿನ ಚೌಕಟ್ಟುಗಳೆರಡನ್ನೂ ಆಧರಿಸಿ ನಡುವಿನ ಚಿತ್ರವನ್ನು ಕಟ್ಟಬಹುದಾದುದರಿಂದ ಫೈಲು ಚಿಕ್ಕದಾಗುತ್ತದೆ, ಆದರೆ ಬಿಡಿಸುವ ಶ್ರಮ ಹೆಚ್ಚುತ್ತದೆ. ಬೇಸ್‌ಲೈನ್‌ನಲ್ಲಿ ಅದೇ ಗುಣಮಟ್ಟಕ್ಕೆ ಫೈಲು ತುಸು ದೊಡ್ಡದಾದರೂ ದುರ್ಬಲ ಯಂತ್ರಕ್ಕೆ ಅದು ನಿಲುಕುತ್ತದೆ.

ಪರಿವರ್ತನೆಯ ಕ್ರಮ

‘ಹ್ಯಾಂಡ್‌ಬ್ರೇಕ್’ ಎಂಬ ಉಚಿತ ತಂತ್ರಾಂಶದಿಂದ ಈ ಪರಿವರ್ತನೆಯನ್ನು ಕಂಪ್ಯೂಟರಿನಲ್ಲೇ ಮಾಡಿಕೊಳ್ಳಬಹುದು. ಫೈಲಿನ ಬಗೆ ಎಂಪಿ4, ವಿಡಿಯೋ ಎಚ್.264 ಬೇಸ್‌ಲೈನ್, ಅಗಲ 854, ಧ್ವನಿ ಎಎಸಿ ಸ್ಟೀರಿಯೋ – ಇಷ್ಟನ್ನು ಆರಿಸಿದರೆ ಸಾಕು. ಸೆಕೆಂಡಿಗೆ 1 ಮೆಗಾಬಿಟ್ ದರವಿಟ್ಟರೆ ಒಂದು ಗಂಟೆಯ ವಿಡಿಯೋಗೆ ಸುಮಾರು 450 ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ಕಾರ್ಡು ನಿಧಾನವಾದುದರಿಂದ ವಿಡಿಯೋ ತಡೆಯುತ್ತದೆಂಬ ಶಂಕೆಗೂ ಇಲ್ಲಿ ಆಧಾರವಿಲ್ಲ. ಈ ದರಕ್ಕೆ ಸೆಕೆಂಡಿಗೆ ಕೇವಲ 125 ಕಿಲೋಬೈಟ್ ಓದಿದರೆ ಸಾಕು. ಸುಸ್ಥಿತಿಯಲ್ಲಿರುವ ಸಾಮಾನ್ಯ ಕಾರ್ಡು ಇದಕ್ಕಿಂತ ಹಲವು ಪಟ್ಟು ವೇಗವಾಗಿರುತ್ತದೆ.

ವರ್ತಕರಿಗೆ ಏನು ಪಾಠ?

ನೂಕ್ ಕಲರ್ ತಯಾರಿಕೆ ನಿಂತು ವರ್ಷಗಳೇ ಕಳೆದಿವೆ. ಇಂದಿನ ಅಗ್ಗದ ಟ್ಯಾಬ್ಲೆಟ್‌ಗಳೂ ಅದಕ್ಕಿಂತ ಬಲಿಷ್ಠವಾಗಿವೆ. ಆದರೆ ಫೈಲುಗಳ ಭಾರವೂ ಅದಕ್ಕೆ ಸಮನಾಗಿ ಬೆಳೆದಿದೆ. ಮೊಬೈಲಿನಲ್ಲಿ ಚಿತ್ರೀಕರಿಸುವ 4ಕೆ ವಿಡಿಯೋದ ಒಂದೊಂದು ಚೌಕಟ್ಟಿನಲ್ಲಿ 82,94,400 ಬಿಂದುಗಳಿರುತ್ತವೆ. 2013ರಲ್ಲಿ ಬಂದ ಎಚ್‌ಇವಿಸಿ ಮತ್ತು 2018ರಲ್ಲಿ ಬಂದ ಎವಿ1 ಮಾನಕಗಳು ಎಲ್ಲ ಅಗ್ಗದ ಚಿಪ್ಪುಗಳಿಗೂ ಒಗ್ಗುವುದಿಲ್ಲ.

ಅಂಗಡಿಯ ಕೌಂಟರಿನಲ್ಲಿ ಸೀರೆಯ ಹೊಸ ಮಾದರಿಗಳನ್ನೋ, ವಸ್ತುಪ್ರದರ್ಶನದ ಮಳಿಗೆಯಲ್ಲಿ ಯಂತ್ರದ ಕಾರ್ಯವೈಖರಿಯನ್ನೋ ಟ್ಯಾಬ್ಲೆಟ್‌ನಲ್ಲಿ ತೋರಿಸುವ ಉದ್ಯಮಿಗೆ ಈ ಲೆಕ್ಕ ಉಪಯುಕ್ತ. ತಡೆದು ನಿಲ್ಲುವ ವಿಡಿಯೋ ನೋಡಿದ ಗ್ರಾಹಕ ಸಂಶಯಪಡುವುದು ಟ್ಯಾಬ್ಲೆಟ್‌ನ ಮೇಲಲ್ಲ, ಮಾಲಿನ ಮೇಲೆ. ಹಾಗೆಂದು ಕೂಡಲೇ ದುಬಾರಿ ಸಾಧನಕ್ಕೆ ಹಣ ಸುರಿಯಬೇಕಾಗಿಲ್ಲ. ಮೊದಲು ಪರದೆಯ ಅಳತೆಗೆ ತಕ್ಕಂತೆ ಎಚ್.264 ಫೈಲೊಂದನ್ನು ಸಿದ್ಧಪಡಿಸಿ ಪರೀಕ್ಷಿಸುವುದು ಲೇಸು. ನೇಯ್ಗೆಯ ಎಳೆಯಂಥ ಸೂಕ್ಷ್ಮ ವಿವರ ಕಾಣಲೇಬೇಕಿದ್ದಲ್ಲಿ ಮಾತ್ರ ಉತ್ತಮ ಪರದೆಗೆ ವೆಚ್ಚ ಮಾಡುವುದು ಸಮಂಜಸ. ಹೊಸದನ್ನು ಕೊಳ್ಳುವವರು ತಮ್ಮದೇ ವಿಡಿಯೋವನ್ನು ಕಾರ್ಡಿನಲ್ಲಿ ಒಯ್ದು, ಮಾರಾಟಗಾರರ ಎದುರಿನಲ್ಲೇ ಹತ್ತು ನಿಮಿಷ ಓಡಿಸಿ ನೋಡಿ ಹಣ ಕೊಡುವುದು ಒಳಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ವ್ಯಾಪಾರದಲ್ಲಿ ಹಳೆಯ ಮಾತು. ವಿಡಿಯೋ ಫೈಲಿಗೂ ಅದು ಅಷ್ಟೇ ಅನ್ವಯಿಸುತ್ತದೆ.