ವಾಷಿಂಗ್ ಮೆಷಿನ್‌ಗೆ ನೀರು ಯಾಕೆ ಬರ್ತಿಲ್ಲ?

ಮಕ್ಕಳೇ, ಮೆಷಿನ್‌ನ ಗುಂಡಿ ಒತ್ತಿದರೆ ಗುಂಯ್ ಅಂತ ಸದ್ದು ಬರುತ್ತದೆ, ನೀರು ಮಾತ್ರ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ದೀಪ ಮಿನುಗಿ ಮೆಷಿನ್ ನಿಂತೇ ಬಿಡುತ್ತದೆ. "ಕೆಟ್ಟೋಯ್ತು, ಮೆಕ್ಯಾನಿಕ್‌ನ ಕರೀರಿ" ಅನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಇರುವುದು ಮೆಷಿನ್‌ನ ಒಳಗೋ, ಹೊರಗೋ? ಮೆಕ್ಯಾನಿಕ್‌ಗೆ ಕೊಡುವ ದುಡ್ಡು ಉಳಿಯುವುದೋ ಇಲ್ಲವೋ ಎಂಬುದು ಈ ಉತ್ತರದ ಮೇಲೆ ನಿಂತಿದೆ.

ಮೊದಲು ಬಕೆಟ್ ಪರೀಕ್ಷೆ. ದೊಡ್ಡವರೊಬ್ಬರು ಜೊತೆಗಿರಲಿ. ಒಣಗಿದ ಕೈಯಲ್ಲಿ ಪ್ಲಗ್ ಕೀಳಿ. ನಲ್ಲಿ ಮುಚ್ಚಿ, ಅದಕ್ಕೆ ಜೋಡಿಸಿದ ಪೈಪು ಬಿಚ್ಚಿ. ಈಗ 10 ಲೀಟರಿನ ಬಕೆಟ್ ಇಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿ, ಗಡಿಯಾರ ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ನಲ್ಲಿಯ ಕಡೆ ಸರಿಯಿದೆ. ಎರಡು ಮೂರು ನಿಮಿಷ ಹಿಡಿದರೆ ಮೆಷಿನ್ನನ್ನು ಬೈಯಬೇಡಿ, ನೀರಿನ ಒತ್ತಡ ಸಾಲುತ್ತಿಲ್ಲ ಅಥವಾ ನಲ್ಲಿ, ಪೈಪಿನಲ್ಲಿ ಎಲ್ಲೋ ಕಸ ಕಟ್ಟಿದೆ.

ಒತ್ತಡ ಎಲ್ಲಿಂದ ಬರುತ್ತದೆ? ತಾರಸಿಯ ಟ್ಯಾಂಕಿನ ಎತ್ತರದಿಂದ. ನೀರಿನ ಮಟ್ಟ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಲೆಕ್ಕ ಹೀಗೆ: 3 × 1000 × 9.8 = 29,400 ಪಾಸ್ಕಲ್. ಅಂದರೆ ವಾಯುಮಂಡಲದ ಒತ್ತಡದ ಸುಮಾರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಟ್ಯಾಂಕು 500 ಲೀಟರಿನದಾದರೂ 2000 ಲೀಟರಿನದಾದರೂ ಎತ್ತರ ಒಂದೇ ಇದ್ದರೆ ಒತ್ತಡವೂ ಒಂದೇ. ದೊಡ್ಡ ಟ್ಯಾಂಕು ತಂದರೆ ಸಾಲದು, ಅದನ್ನು ಎತ್ತರಿಸಬೇಕು.

ಮೆಷಿನ್‌ಗೆ ಒತ್ತಡ ಯಾಕೆ ಬೇಕು? ನೀರು ಒಳಬರುವ ಕವಾಟದಲ್ಲಿ ಒಂದು ರಬ್ಬರ್ ಪರದೆ ಇರುತ್ತದೆ. ವಿದ್ಯುತ್ಕಾಂತವು ಒಂದು ಪುಟ್ಟ ರಂಧ್ರವನ್ನಷ್ಟೇ ತೆರೆಯುತ್ತದೆ. ಪರದೆಯನ್ನು ಎತ್ತುವುದು ನೀರಿನದೇ ಒತ್ತಡ. ಅದು ಸಾಲದಿದ್ದರೆ ಗುಂಯ್ ಸದ್ದಷ್ಟೇ ಉಳಿಯುತ್ತದೆ.

ಬಕೆಟ್ ಬೇಗ ತುಂಬಿತೇ? ಹಾಗಾದರೆ ಪೈಪು ಎಲ್ಲಾದರೂ ಮಡಚಿದೆಯಾ ನೋಡಿ. ಆಮೇಲೆ ಪೈಪಿನ ಇನ್ನೊಂದು ತುದಿಯನ್ನೂ ಬಿಚ್ಚಿದರೆ, ಮೆಷಿನ್‌ನ ಬಾಯಲ್ಲಿ ಸಣ್ಣ ಜಾಲರಿ ಕಾಣುತ್ತದೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮರಳು, ಬಿಳಿ ಸುಣ್ಣ ಅಲ್ಲಿ ಕೂತಿರುತ್ತವೆ. ಜಾಲರಿಯನ್ನು ಮೆಲ್ಲಗೆ ಹೊರತೆಗೆದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬಿಳಿ ಪದರ ಹೋಗದಿದ್ದರೆ ನಿಂಬೆರಸದಲ್ಲಿ ನೆನೆಹಾಕಿ. ಸಣ್ಣ ಗುಳ್ಳೆಗಳು ಏಳುತ್ತವೆ: ಆಮ್ಲವು ಕ್ಯಾಲ್ಸಿಯಂ ಕಾರ್ಬೋನೇಟನ್ನು ಕರಗಿಸುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅದು. ತೊಳೆದ ಜಾಲರಿಯನ್ನು ಮರೆಯದೆ ವಾಪಸ್ ಹಾಕಿ, ಇಲ್ಲದಿದ್ದರೆ ಮರಳು ಕವಾಟದೊಳಗೇ ಹೋಗುತ್ತದೆ.

ಇನ್ನೊಂದು ತಮಾಷೆಯ ತೊಂದರೆಯಿದೆ. ನೀರು ಬರುತ್ತಲೇ ಇರುತ್ತದೆ, ಮೆಷಿನ್ ತುಂಬುವುದೇ ಇಲ್ಲ! ನೀರು ಹೊರಹೋಗುವ ಪೈಪನ್ನು ನೆಲಕ್ಕೆ ಬಿಟ್ಟಿದ್ದಾರಾ ನೋಡಿ. ತುದಿ ಒಳಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ತುಂಬಿದ್ದೆಲ್ಲ ತಾನಾಗಿ ಹರಿದುಹೋಗಬಹುದು. ಪುಸ್ತಿಕೆಯಲ್ಲಿ ಹೇಳಿದಷ್ಟು ಎತ್ತರಕ್ಕೆ ಅದನ್ನು ಸಿಕ್ಕಿಸಿ.

ಇಷ್ಟೆಲ್ಲ ಸರಿಯಿದ್ದೂ ನೀರು ಬರದಿದ್ದರೆ ಕವಾಟವೋ ವಿದ್ಯುತ್ ಭಾಗವೋ ಕೆಟ್ಟಿರಬಹುದು. ಅದನ್ನು ಬಿಚ್ಚುವುದು ನಿಮ್ಮ ಕೆಲಸವಲ್ಲ, ಮೆಕ್ಯಾನಿಕ್‌ನ ಕೆಲಸ. ಆದರೆ "ಬಕೆಟ್ ಇಷ್ಟು ಸೆಕೆಂಡಿನಲ್ಲಿ ತುಂಬಿತು, ಜಾಲರಿ ಶುದ್ಧವಾಗಿದೆ" ಎಂದು ನೀವು ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ. ನಲ್ಲಿ ಅನ್ನಿ, ನಳ ಅನ್ನಿ, ನಿಮ್ಮ ಮನೆಯ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ? ಇವತ್ತೇ ಅಳೆದು ನೋಡಿ, ಆ ನೀರನ್ನು ಗಿಡಕ್ಕೆ ಹಾಕಿ.