ಸೂರಿನಡಿಯ ಕಣಜಗಳು

ಬೇಸಿಗೆ ರಜೆಗೆ ಬೀಗ ಹಾಕಿ ಊರಿಗೆ ಹೋಗಿಬಂದವರ ಮನೆಯಲ್ಲಿ ಪ್ಲಗ್ ಪಾಯಿಂಟಿನ ತೂತುಗಳಲ್ಲಿ ಒಂದಕ್ಕಾದರೂ ಮಣ್ಣು ಮೆತ್ತಿರುವುದುಂಟು. ಬೀಗದ ಕಿಂಡಿ, ಗೋಡೆಗೆ ಡ್ರಿಲ್ ಹೊಡೆದ ತೂತು, ಪರದೆಯ ಮಡಿಕೆ, ಅಟ್ಟದ ಮೇಲೆಸೆದ ಹೆಲ್ಮೆಟ್ಟು, ವರ್ಷಗಟ್ಟಲೆ ಮುಟ್ಟದ ನಿಘಂಟಿನ ಬೆನ್ನಿನ ಸಂದು ಇವಾವುದನ್ನೂ ಈ ಹುಳ ಬಿಡುವುದಿಲ್ಲ. ಬೈದುಕೊಳ್ಳುತ್ತಾ ಚಾಕುವಿನ ತುದಿಯಿಂದ ಮಣ್ಣು ಕೆರೆದರೆ (ಪ್ಲಗ್ಗಿನದಾದರೆ ದಯವಿಟ್ಟು ಮೇನ್ ಸ್ವಿಚ್ ಇಳಿಸಿ) ಒಳಗಿಂದ ಹಸಿರು ಕಂಬಳಿಹುಳುಗಳೋ ಕಾಲು ಮುದುಡಿಕೊಂಡ ಜೇಡಗಳೋ ಉದುರುತ್ತವೆ. ಸತ್ತಿವೆ ಎಂದುಕೊಂಡು ಗುಡಿಸಿ ಹಾಕುತ್ತೇವೆ. ಅವು ಸತ್ತಿರುವುದಿಲ್ಲ.

ಇದು ಒಂಟಿಯಾಗಿ ಬಾಳುವ ಹೆಣ್ಣು ಕಣಜದ ಕೆಲಸ. ಹಳ್ಳಿಯ ಕಡೆ ಇದನ್ನು ಕುಂಬಾರ ಹುಳ ಎನ್ನುತ್ತಾರೆ. ಕಣಜ, ಕಡಜ ಎಂದ ಕೂಡಲೇ ಅಟ್ಟಿಸಿಕೊಂಡು ಬಂದು ಕಚ್ಚುವ ದಂಡು ಕಣ್ಣಿಗೆ ಬರುತ್ತದೆ. ಆದರೆ ಲೋಕದಲ್ಲಿರುವ ಕಣಜದ ಜಾತಿಗಳಲ್ಲಿ ಬಹುಪಾಲು ಒಂಟಿಗಳೇ. ಅವುಗಳಿಗೆ ರಾಣಿಯಿಲ್ಲ, ಆಳುಗಳಿಲ್ಲ, ಗೂಡನ್ನು ಕಾಯಲು ಮನುಷ್ಯರ ಮೇಲೆ ಬೀಳುವ ಚಾಳಿಯೂ ಇಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಕುಟುಕೀತು, ಅಷ್ಟೆ.

ಬಿಡುವಿದ್ದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ನೋಡಿ. ಹಳದಿ ಕಾಲಿನ, ನೂಲಿನಷ್ಟು ಸಪೂರ ಸೊಂಟದ ಕರಿ ಕಣಜವೊಂದು ಒದ್ದೆ ಮಣ್ಣಿನ ಮೇಲೆ ಬಾಲ ಮೇಲೆತ್ತಿಕೊಂಡು ಓಡಾಡುತ್ತಿರುತ್ತದೆ. ದವಡೆಯಿಂದ ಮಣ್ಣು ಕೆರೆದು, ಬಟಾಣಿ ಕಾಳಿಗಿಂತ ಸಣ್ಣ ಉಂಡೆ ಮಾಡಿ, ಕಚ್ಚಿಕೊಂಡು ಹಾರುತ್ತದೆ. ಗೋಡೆಗೆ ಮೆತ್ತುವಾಗ ಕಿವಿಗೊಟ್ಟರೆ ಝೀ ಎಂಬ ಸದ್ದು ಕೇಳುತ್ತದೆ. ಆ ನಡುಕದಿಂದ ಮಣ್ಣು ಸಡಿಲಗೊಂಡು ತೆಳ್ಳಗೆ ಹರಡಿಕೊಳ್ಳುತ್ತದೆ. ಕಾಂಕ್ರೀಟು ಹಾಕುವವರು ವೈಬ್ರೇಟರ್ ಹಿಡಿಯುವುದೂ ಇದೇ ಕಾರಣಕ್ಕೆ. ಒಂದು ಉಂಡೆಗೆ ಒಂದು ಕಮಾನಿನಷ್ಟು ಗೋಡೆ ಏಳುತ್ತದೆ. ಒಣಗಿದ ಗೂಡನ್ನು ಬೆಳಕಿಗೆ ಹಿಡಿದರೆ ಕೆಂಪು, ಬೂದು, ಕಪ್ಪು ಪಟ್ಟೆಗಳು ಕಾಣುತ್ತವೆ. ಯಾವ ಉಂಡೆ ತೋಟದ್ದು, ಯಾವುದು ಚರಂಡಿಯದ್ದು ಎಂದು ಬಣ್ಣ ನೋಡಿ ಊಹಿಸಬಹುದು. ಉದ್ದುದ್ದ ಕೋಣೆಗಳನ್ನು ಒತ್ತೊತ್ತಾಗಿ ಕಟ್ಟುವ ಈ ಕರಿ ಕಣಜ ಜೇಡಗಳನ್ನು ತುಂಬುತ್ತದೆ. ಕುತ್ತಿಗೆಯಿರುವ ಪುಟ್ಟ ಗಡಿಗೆ ಮಾಡುವ ಇನ್ನೊಂದು ಪಂಗಡಕ್ಕೆ ಕಂಬಳಿಹುಳುಗಳೇ ಆಗಬೇಕು. ಅದು ಮೊದಲು ಗಡಿಗೆಯ ಒಳಚಾವಣಿಯಿಂದ ಎಳೆಯೊಂದರ ತುದಿಗೆ ಮೊಟ್ಟೆಯನ್ನು ತೂಗುಬಿಟ್ಟು, ಆಮೇಲೆ ಹುಳು ತಂದು ಪೇರಿಸಿ, ಬಾಯಿ ಮುಚ್ಚಿ ಹೊರಟುಬಿಡುತ್ತದೆ. ಮರಿಯ ಮುಖವನ್ನು ಅದು ನೋಡುವುದೇ ಇಲ್ಲ.

ನಮ್ಮ ಹಿರಿಯರು ಇದನ್ನೆಲ್ಲ ಗಮನಿಸಿಯೇ ಇದ್ದರು. ಹುಳವೊಂದು ಕಂಬಳಿಹುಳುವನ್ನು ಎಳೆದುತಂದು ಮಣ್ಣಿನೊಳಗೆ ಹೂತಿಡುತ್ತದೆ, ಸುತ್ತ ಗುಂಯ್‌ಗುಡುತ್ತದೆ. ಕೆಲವು ವಾರಗಳಾದ ಮೇಲೆ ಗೂಡು ಒಡೆದು ಹೊರಬರುವುದು ಕಂಬಳಿಹುಳುವಲ್ಲ, ಅದೇ ಜಾತಿಯ ಹಾರುವ ಹುಳ. ವೇದಾಂತದವರು ಇದನ್ನೇ ಹಿಡಿದು ಭ್ರಮರ ಕೀಟ ನ್ಯಾಯ ಎಂದರು: ಹೆದರಿದ ಕೀಟ ಭ್ರಮರವನ್ನೇ ನೆನೆನೆನೆದು ಭ್ರಮರವೇ ಆಗಿಬಿಡುವಂತೆ ಜೀವ ಪರಮಾತ್ಮನನ್ನು ನೆನೆದು ಅವನೇ ಆಗುತ್ತದೆ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಅವರು ಸರಿಯಾಗಿಯೇ ಕಂಡಿದ್ದರು. ಕಣ್ಣಿಗೆ ಬೀಳದೆ ಹೋದದ್ದು ನಡುವಿನ ಸಣ್ಣ ಮೊಟ್ಟೆ. ಅದರಿಂದ ಹೊರಟ ಮರಿ ಕೀಟವನ್ನು ಜೀವಂತವಾಗಿಯೇ ತಿಂದು ಮುಗಿಸಿರುತ್ತದೆ. ಗುರುಶಿಷ್ಯರ ಸಂಬಂಧಕ್ಕೆ ಈ ದೃಷ್ಟಾಂತ ಕೊಡುವವರು ಶಿಷ್ಯನ ಗತಿಯನ್ನೂ ಒಮ್ಮೆ ಯೋಚಿಸುವುದು ಒಳ್ಳೆಯದು.

ಬಿಸಿಲಿನಲ್ಲೂ ಆ ಮಾಂಸ ಕೊಳೆಯದೆ ಉಳಿಯುವುದು ಹೇಗೆ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲೂ ಎದ್ದಿತ್ತು. ಲಿಯಾನ್ ದ್ಯುಫೂರ್ ಎಂಬ ವೈದ್ಯ ಕಣಜವೊಂದರ ಬಿಲವನ್ನು ಅಗೆದಾಗ ಲೋಹದಂತೆ ಹೊಳೆಯುವ ಜೀರುಂಡೆಗಳು ಬಣ್ಣಗೆಡದೆ, ಕೀಲು ಬಿಗಿಯದೆ ಸಿಕ್ಕವು. ಕಣಜದ ವಿಷದಲ್ಲಿ ಹೆಣ ಕೆಡದಂತೆ ಕಾಯುವ ಔಷಧಿಯಿದೆ ಎಂದು ಅವನು ತೀರ್ಮಾನಿಸಿದ. ಅವಿನ್ಯೋನಿನ ಶಾಲಾಮೇಷ್ಟ್ರು ಜಾನ್ ಆನ್ರಿ ಫಾಬ್ರ್ ಆ ಲೇಖನ ಓದಿ, ತಾನೇ ಬಿಲ ಅಗೆದು ನೋಡಿ, 1855ರಲ್ಲಿ ಬೇರೆಯೇ ಉತ್ತರ ಕೊಟ್ಟ. ಜೀರುಂಡೆಗಳು ಹೆಣಗಳಲ್ಲ, ಜೀವ ಇದೆ. ಕಣಜ ಮುಳ್ಳನ್ನು ಮನಬಂದ ಕಡೆ ಚುಚ್ಚುವುದಿಲ್ಲ. ಕಾಲಾಡಿಸುವ ನರಗಳು ಗಂಟುಕಟ್ಟಿರುವ ಜಾಗಕ್ಕೇ ಚುಚ್ಚುತ್ತದೆ. ಲಕ್ವ ಹೊಡೆದ ಮೈ ಅಲ್ಲಾಡದು, ಜೀವ ಹೋಗದು, ಹಾಗಾಗಿ ಮಾಂಸ ಕೆಡದು. ದ್ಯುಫೂರನ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಶಸ್ತ್ರವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ಜಿರಲೆ ಬೇಟೆಯಾಡುವ ಹಸಿರು ಕಣಜ. ಪಚ್ಚೆಯಂತೆ ಮಿಂಚುವ ಮೈ, ಹಿಂದಿನ ನಾಲ್ಕು ಕಾಲುಗಳ ತೊಡೆ ಕೆಂಪು. ಬಚ್ಚಲು, ಮೋರಿಯ ಆಸುಪಾಸಿನಲ್ಲಿ ಕಂಡೀತು. ಇದು ಜಿರಲೆಗೆ ಎರಡು ಸಲ ಚುಚ್ಚುತ್ತದೆ. ಮೊದಲನೆಯದು ಎದೆಗೆ, ಮುಂಗಾಲು ಕೆಲವು ನಿಮಿಷ ಸೋಲುವಷ್ಟು. ಜಿರಲೆ ಒದೆಯಲಾರದ ಆ ಗಳಿಗೆಯಲ್ಲಿ ಎರಡನೆಯ ಚುಚ್ಚು ನೇರ ಮೆದುಳಿಗೆ. ಆಮೇಲೆ ಜಿರಲೆಗೆ ನಡೆಯಲು ಬರುತ್ತದೆ, ಆದರೆ ತಾನಾಗಿ ನಡೆಯುವ ಮನಸ್ಸೇ ಇರುವುದಿಲ್ಲ. ಅರ್ಧ ಗಂಟೆ ನಿಂತಲ್ಲೇ ಮೈ ಸವರಿಕೊಳ್ಳುತ್ತದೆ. ಕಣಜ ಅದರ ಎರಡೂ ಮೀಸೆಗಳನ್ನು ಅರ್ಧಕ್ಕೆ ಕತ್ತರಿಸಿ, ಒಸರುವ ರಸ ಹೀರಿ, ಉಳಿದ ಮೋಟು ಮೀಸೆಯನ್ನು ಕಚ್ಚಿಕೊಂಡು ಮೂಗುದಾರ ಹಿಡಿದ ಎತ್ತಿನಂತೆ ನಡೆಸಿಕೊಂಡು ಹೋಗುತ್ತದೆ. ಬಿಲದಲ್ಲಿ ಅದರ ಕಾಲಿನ ಬುಡಕ್ಕೆ ಒಂದು ಮೊಟ್ಟೆಯಿಟ್ಟು, ಬಾಗಿಲಿಗೆ ಕಲ್ಲು ಕಡ್ಡಿ ಜಡಿಯುತ್ತದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಲಿಬರ್ಸಾ ಮತ್ತವರ ಸಂಗಡಿಗರು ಈ ವಿಷವನ್ನು ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ. ನಡೆ ಎಂದು ಕಾಲಿಗೆ ಅಪ್ಪಣೆ ಕೊಡುವ ಮೆದುಳಿನ ಭಾಗವೊಂದನ್ನೇ ಅದು ಮಂಕಾಗಿಸುತ್ತದೆ. ಜಿರಲೆ ಕಾಟ ತೀರಲೆಂದು 1941ರಲ್ಲಿ ಈ ಕಣಜವನ್ನು ಹವಾಯಿ ದ್ವೀಪಗಳಿಗೆ ತಂದು ಬಿಟ್ಟದ್ದೂ ಆಯಿತು. ಜಿರಲೆ ಮುಗಿಯಲಿಲ್ಲ. ಸಾವಿರಗಟ್ಟಲೆ ಹೆಚ್ಚುವವನ್ನು ಒಂದೊಂದಾಗಿ ಕೈಹಿಡಿದು ನಡೆಸುವವಳು ಎಷ್ಟೆಂದು ತೀರಿಸಿಯಾಳು?

ಮಣ್ಣು ಮೆತ್ತುವ ಚಾಳಿ ಬರೀ ಕಿರಿಕಿರಿಯಲ್ಲಿ ಮುಗಿಯುವುದೂ ಇಲ್ಲ. ವಿಮಾನದ ವೇಗ ಅಳೆಯಲು ಮೂತಿಯ ಹತ್ತಿರ ಪಿಟೋ ಕೊಳವೆ ಎಂಬ ಸಣ್ಣ ನಳಿಕೆ ಇರುತ್ತದೆ, ಕಣಜಕ್ಕೆ ಹೇಳಿಮಾಡಿಸಿದ ಅಳತೆಯ ತೂತು. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಿಂದ ಮೇಲೆದ್ದ ಬೋಯಿಂಗ್ 757 ವಿಮಾನವೊಂದು ವೇಗಮಾಪಕ ಸುಳ್ಳು ಹೇಳಿದ್ದರಿಂದ ಹಿಡಿತ ತಪ್ಪಿ ಕಡಲಿಗೆ ಬಿತ್ತು. ಅದರಲ್ಲಿದ್ದ 189 ಮಂದಿಯೂ ಸತ್ತರು. ವಿಮಾನ ಕೆಲವು ದಿನ ಹಾರದೆ ನಿಂತಿತ್ತು. ನಳಿಕೆ ಸಮುದ್ರದಿಂದ ಸಿಗಲಿಲ್ಲವಾದರೂ ತನಿಖೆಯವರ ಅನುಮಾನ ಹೋದದ್ದು ಮಣ್ಣಿನ ಕಣಜದ ಮೇಲೆ. ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣ ಈಗಲೂ ಇಂಥದೇ ಒಂದು ವಲಸೆ ಕಣಜದೊಡನೆ ಸೆಣಸುತ್ತಿದೆ.

ಒಂಟಿಗಳ ಮಾತು ಸಾಕು. ಕೂಡುಕುಟುಂಬ ಕಟ್ಟಿಕೊಂಡ ಕಣಜಗಳ ವಿಷಯಕ್ಕೆ ಬಂದರೆ ಲೋಕಕ್ಕೆ ಹೆಚ್ಚು ಹೇಳಿದ್ದು ಬೆಂಗಳೂರು.

ಕಿಟಕಿಯ ಮೇಲಿನ ಸಜ್ಜೆ, ಗೇಟಿನ ಕಮಾನು, ಮೀಟರ್ ಪೆಟ್ಟಿಗೆಯ ಒಳಗೆ ಬೂದುಬಣ್ಣದ ಕಾಗದದ ಗೂಡೊಂದು ಸಣ್ಣ ತೊಟ್ಟಿನಿಂದ ನೇತಾಡುವುದನ್ನು ನೀವು ನೋಡಿರುತ್ತೀರಿ. ಹೊದಿಕೆಯಿಲ್ಲ, ಆರು ಮೂಲೆಯ ಕೋಣೆಗಳು ತೆರೆದೇ ಇರುತ್ತವೆ. ಮೇಲೆ ಕೆಂಗಂದು ಮೈಯ, ಹೊಟ್ಟೆಗೊಂದು ಹಳದಿ ಪಟ್ಟೆಯ ಕಣಜಗಳು ಕೂತಿರುತ್ತವೆ. ಬಣ್ಣ ಬಳಿಯದ ಹಳೆ ಮರ, ಒಣಕಡ್ಡಿಯ ನಾರು ಕೆರೆದು, ಎಂಜಲಲ್ಲಿ ಅಗಿದು ಇವು ಕಾಗದ ಮಾಡುತ್ತವೆ. ಹೆಸರು ರೊಪಾಲಿಡಿಯ ಮಾರ್ಜಿನೇಟ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಬೆಂಗಳೂರಿಗರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಾಘವೇಂದ್ರ ಗದಗಕರ್ ಅವರು ಹವ್ಯಾಸಕ್ಕೆಂದು ಇವನ್ನು ನೋಡತೊಡಗಿದರು. ಆಮೇಲೆ ಅದನ್ನೇ ಬಾಳಿನ ಕಸುಬು ಮಾಡಿಕೊಂಡರು. ಈ ಒಂದು ಕಣಜದ ಮೇಲೆ ಅವರು ಬರೆದ ದಪ್ಪ ಪುಸ್ತಕವನ್ನು 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು. ಬೇಕಾದ ಮುಖ್ಯ ಸಲಕರಣೆಗಳು ಸಣ್ಣ ಕುಂಚ, ಬೇಗ ಒಣಗುವ ಬಣ್ಣ, ಒಂದು ನೋಟ್‌ಬುಕ್ಕು ಮತ್ತು ತಾಳ್ಮೆ. ಪ್ರತಿ ಕಣಜದ ಬೆನ್ನಿಗೆ ಬೇರೆ ಬೇರೆ ಬಣ್ಣದ ಚುಕ್ಕೆಯಿಟ್ಟು, ಯಾರು ಏನು ಮಾಡಿದರೆಂದು ಬರೆದುಕೊಳ್ಳುವುದು. ಸಂಸ್ಥೆಯ ಆವರಣದಲ್ಲಿ ಕಣಜಗಳಿಗೆಂದೇ ಒಂದು ಕೋಣೆಯಿದೆ. ಅದರ ತಂತಿಜಾಲದ ಕಣ್ಣು 0.75 ಸೆಂಟಿಮೀಟರ್: ಈ ಕಣಜ ಸಲೀಸಾಗಿ ನುಸುಳುತ್ತದೆ, ಇದರ ಮರಿಗಳನ್ನು ದೋಚುವ ದೊಡ್ಡ ಕಣಜಕ್ಕೆ ತೂರಲು ಆಗುವುದಿಲ್ಲ.

ಇಂಥ ಗೂಡಿನ ರಾಣಿ ಜಗಳಗಂಟಿಯಾಗಿರಬೇಕು, ಕಚ್ಚಿ ಗುದ್ದಿ ಉಳಿದವರನ್ನು ಹದ್ದುಬಸ್ತಿನಲ್ಲಿಡಬೇಕು ಎಂಬುದು ಇತರ ಕಾಗದದ ಕಣಜಗಳನ್ನು ನೋಡಿದವರ ನಂಬಿಕೆಯಾಗಿತ್ತು. ಇಲ್ಲಿನ ರಾಣಿ ಎಲ್ಲರಿಗಿಂತ ಸಾಧು. ಯಾರ ತಂಟೆಗೂ ಹೋಗಳು, ಮೂಲೆಯಲ್ಲಿ ಕೂತು ಮೊಟ್ಟೆಯಿಡುವಳು. ಕೆಲಸ ಹಂಚುವುದೂ ಅವಳಲ್ಲ: ಎಳೆಯವರು ಮರಿಗಳಿಗೆ ಉಣಿಸುತ್ತಾರೆ, ವಯಸ್ಸಾದಂತೆ ಗೂಡು ಕಟ್ಟುವುದಕ್ಕೆ, ಕೊನೆಗೆ ಹೊರಗೆ ಹೋಗಿ ಆಹಾರ ತರುವುದಕ್ಕೆ ಇಳಿಯುತ್ತಾರೆ. ಗಂಡುಗಳು ವಾರದ ಮಟ್ಟಿಗೆ ಗೂಡಿನಲ್ಲಿ ಕೂತು ತಿಂದು, ಹೊರಟುಹೋದರೆ ಮತ್ತೆ ಬರುವುದಿಲ್ಲ. ಹೆಣ್ಣುಗಳನ್ನೆಲ್ಲ ತೆಗೆದು, ಕೈಗೆ ಬೇಕಾದಷ್ಟು ಆಹಾರ ಕೊಟ್ಟರೆ ಈ ಗಂಡುಗಳೂ ಮರಿಗಳಿಗೆ ಉಣಿಸಬಲ್ಲವು ಎಂದು 2006ರಲ್ಲಿ ಗದಗಕರ್ ಅವರ ತಂಡ ತೋರಿಸಿತು. ಈ ಸುದ್ದಿಯನ್ನು ಓದುಗರಲ್ಲಿ ಕೆಲವರು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ನನ್ನ ಅಭ್ಯಂತರವಿಲ್ಲ.

ರಾಣಿಯನ್ನು ಗೂಡಿನಿಂದ ತೆಗೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಆಳುಗಳಲ್ಲಿ ಒಬ್ಬಳಿಗೆ ಆವೇಶ ಬಂದಂತಾಗಿ ಉಳಿದವರ ಮೇಲೆಲ್ಲ ಎಗರಾಡುತ್ತಾಳೆ. ಸುಮಾರು ಒಂದು ವಾರದಲ್ಲಿ ಅವಳ ಅಂಡಾಶಯ ಬಲಿತು, ಮೊಟ್ಟೆಯಿಡತೊಡಗುತ್ತಾಳೆ, ಆವೇಶ ಇಳಿದು ಹಳೆಯ ರಾಣಿಯಷ್ಟೇ ಸಾಧುವಾಗುತ್ತಾಳೆ. ಅವಳು ಯಾರಾಗುತ್ತಾಳೆಂದು ಮೊದಲೇ ಹೇಳಲು ಬಣ್ಣದ ಚುಕ್ಕೆಯಿಂದಾಗಲಿ, ನೋಟ್‌ಬುಕ್ಕಿನಿಂದಾಗಲಿ ಸಾಧ್ಯವಾಗಲಿಲ್ಲ. ಕಣಜಗಳಿಗಾದರೂ ಗೊತ್ತಿರಬಹುದೆ? ಅದೇ ತಂಡದ ಅನಿಂದಿತಾ ಭದ್ರಾ ಮತ್ತು ಗದಗಕರ್ ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿಜಾಲ ಕಟ್ಟಿ, ರಾಣಿಯನ್ನು ಒಂದು ಕಡೆಗೆ ಬಿಟ್ಟರು. ರಾಣಿಯಿಲ್ಲದ ಕಡೆ ಒಬ್ಬಳು ಎದ್ದಳು. ಅವಳನ್ನೂ ರಾಣಿಯನ್ನೂ ಅದಲುಬದಲು ಮಾಡಿದಾಗ ಕೆಲವು ಗೂಡುಗಳಲ್ಲಿ ಆಚೆಯವರೂ ಅವಳನ್ನೇ ಒಪ್ಪಿದರು. ಉಳಿದವುಗಳಲ್ಲಿ ಆಚೆ ಕಡೆಯಲ್ಲಿದ್ದ ನಿಜವಾದ ಹಕ್ಕುದಾರಳು ಎದ್ದು ನಿಂತಳು, ಅವಳನ್ನು ಎರಡೂ ಕಡೆಯವರು ಒಪ್ಪಿದರು. ಮೂರನೆಯವಳು ಎಲ್ಲೂ ಏಳಲಿಲ್ಲ, ಹಕ್ಕುದಾರಳ ಮೇಲೆ ಯಾರೂ ಕೈಮಾಡಲಿಲ್ಲ. ರಾಣಿಯರನ್ನು ಒಬ್ಬರಾದ ಮೇಲೊಬ್ಬರಂತೆ ತೆಗೆಯುತ್ತಾ ಹೋದಾಗ ಐದನೆಯವಳವರೆಗೂ ಸರದಿ ಹೀಗೇ ಸಾಗಿತೆಂದು 2012ರಲ್ಲಿ ಪ್ರಕಟವಾಯಿತು. ಇದೇ ಊರಿನ ವಿಧಾನಸೌಧದಲ್ಲಿ ಇಷ್ಟು ಸಲೀಸಾಗಿ ಪಟ್ಟ ಬದಲಾದದ್ದನ್ನು ನಾನು ಕಾಣೆ.

ಸಾಧು ರಾಣಿ ತಾನಿದ್ದೇನೆಂದು ತಿಳಿಸುವುದು ವಾಸನೆಯಿಂದ. ಆಗಾಗ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತಾಳೆ. ಆ ರಸ ಬರುವುದು ಮುಳ್ಳಿನ ಬುಡದ ಒಂದು ಗ್ರಂಥಿಯಿಂದ, ಹೆಸರು ದ್ಯುಫೂರ್ ಗ್ರಂಥಿ. ಜೀರುಂಡೆಯ ವಿಷಯದಲ್ಲಿ ಎಡವಿದ ಅದೇ ವೈದ್ಯ 1841ರಲ್ಲಿ ಇದನ್ನು ವಿವರಿಸಿದ್ದ. ರಾಣಿಯ ಗ್ರಂಥಿಯನ್ನು ಅರೆದು ಗೂಡಿಗೆ ಸವರಿದರೆ ಸಾಕು, ಆವೇಶ ಬಂದವಳೂ ತಣ್ಣಗಾಗುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೂ ಗೂಡು ಬಾಗಿಲ ಮೇಲೆಯೇ ಇದ್ದರೆ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಕೈಗೆಟುಕದ ಸಜ್ಜೆಯ ಕೆಳಗಿನ ಸಣ್ಣ ಕಾಗದದ ಗೂಡನ್ನು ಅದರಷ್ಟಕ್ಕೆ ಬಿಡಿ. ನಿಮ್ಮ ಬದನೆ, ಬೆಂಡೆ ಗಿಡದ ಹುಳುಗಳನ್ನು ಅದು ಪುಕ್ಕಟೆಯಾಗಿ ಹೊತ್ತೊಯ್ಯುತ್ತದೆ. ಮಣ್ಣಿನ ಗೂಡಿಗೆ ದುಂಡನೆಯ ತೂತು ಬಿದ್ದಿದ್ದರೆ ಒಳಗಿನದು ಹಾರಿಹೋಗಿದೆ, ಕೆರೆದು ಹಾಕಬಹುದು. ಮರದ ಕೊಂಬೆಯಲ್ಲೋ ಹಂಚಿನ ಅಡಿಯಲ್ಲೋ ಹೊದಿಕೆಯಿರುವ ದೊಡ್ಡ ಗೂಡಿದ್ದರೆ ಅದು ದೊಡ್ಡ ಕಣಜಗಳದು, ಅದಕ್ಕೆ ಹೆದರಲೇಬೇಕು. ಜೇನಿನ ಮುಳ್ಳು ಕೊಂಕಿರುವುದರಿಂದ ನಮ್ಮ ಚರ್ಮದಲ್ಲೇ ಸಿಕ್ಕಿಕೊಳ್ಳುತ್ತದೆ. ಕಣಜದ ಮುಳ್ಳು ನುಣುಪು, ಒಂದೇ ಹುಳ ಎಷ್ಟು ಸಲ ಬೇಕಾದರೂ ಚುಚ್ಚುತ್ತದೆ. ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ಹಚ್ಚುವ ಸಾಹಸ ಬೇಡ, ಆ ಕೆಲಸ ಬಲ್ಲವರನ್ನು ಕರೆಯಿರಿ. ಒಂದೆರಡು ಕುಟುಕಿಗೆ ತಣ್ಣೀರು, ಮಂಜುಗಡ್ಡೆ ಸಾಕು. ಹತ್ತಾರು ಕಡೆ ಕುಟುಕಿದ್ದರೆ, ಅಥವಾ ಒಂದೇ ಕುಟುಕಿಗೆ ತುಟಿ ಮುಖ ಬಾತು, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿದಂತಾದರೆ ಸುಣ್ಣ, ಅರಿಸಿನ ಹಚ್ಚುತ್ತಾ ಕೂರಬೇಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು, ಅದು ಸಿಗುವುದು ಆಸ್ಪತ್ರೆಯಲ್ಲಿ. ತಡಮಾಡದೆ ಹೋಗಿ.