ದಾಂಡನ್ನು ತೊರೆದ ಪಾದ್ರಿ

ಚಿತ್ತಾಪುರದ ಬಯಲಿನಲ್ಲಾಗಲಿ, ಶಹಾಬಾದಿನ ಕಲ್ಲುಗಣಿಗಳ ಬಳಿಯಲ್ಲಾಗಲಿ, ಸಂಜೆಯ ಹೊತ್ತು ಹುಡುಗರು ದಾಂಡು ಹಿಡಿದು ನಿಂತರೆ, ಇದು ಬರಿಯ ಕಾಲಹರಣವೆಂದು ಹಿರಿಯರು ಗೊಣಗುವುದುಂಟು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕೆ ವಿರುದ್ಧವಾದ ಭಾವನೆಯು ಬೇರೂರಿತ್ತು. ಮೈಯನ್ನು ಗಟ್ಟಿಮಾಡುವ ಆಟವು ಶೀಲವನ್ನೂ ಗಟ್ಟಿಮಾಡುವುದೆಂದು ಅಲ್ಲಿಯ ಶಾಲೆಗಳು ನಂಬಿದ್ದವು. ರಗ್ಬಿಯನ್ನೋ ಕ್ರಿಕೆಟ್ಟನ್ನೋ ದೇಶದ ಪರವಾಗಿ ಆಡಿ, ಬಳಿಕ ಧರ್ಮೋಪದೇಶಕ್ಕೆ ನಿಂತವರು ಹಲವರು. ಅವರಲ್ಲಿ ನಮ್ಮ ನೆರೆಯಲ್ಲಿಯೇ ಕೆಲವು ವರ್ಷ ಬಾಳಿದವನು ಚಾರ್ಲ್ಸ್ ಥಾಮಸ್ ಸ್ಟಡ್. ಈತನ ಜೀವನವನ್ನು ನಾವು ಸ್ವಲ್ಪ ವಿಚಾರಿಸೋಣ.

ಸ್ಟಡ್ ಹುಟ್ಟಿದುದು 1860ರಲ್ಲಿ. ಈತನ ತಂದೆಯು ಬಿಹಾರದ ತಿರ್ಹುತ್ ಸೀಮೆಯಲ್ಲಿ ನೀಲಿಯ ವ್ಯವಸಾಯದಿಂದ ಅಪಾರವಾದ ಐಶ್ವರ್ಯವನ್ನು ಗಳಿಸಿದ್ದನು. ಮಗನು ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದಾಗಲೇ, 1882ರಲ್ಲಿ, ಪ್ರವಾಸಕ್ಕೆ ಬಂದ ಆಸ್ಟ್ರೇಲಿಯದವರ ವಿರುದ್ಧ ಎರಡು ಸಲ ನೂರನ್ನು ದಾಟಿದನು. ಆದರೆ ಅದೇ ವರ್ಷ ಓವಲ್ ಮೈದಾನದಲ್ಲಿ ಇಂಗ್ಲೆಂಡು 7 ಓಟಗಳಿಂದ ಸೋತಾಗ, ಈತನು ಕಡೆಯವರ ಸಾಲಿನಲ್ಲಿ ಬಂದು, ಒಂದು ಚೆಂಡನ್ನೂ ಎದುರಿಸದೆ ನಿಂತೇ ಉಳಿದನು. 'ಆಶಸ್' ಎಂಬ ಹೆಸರು ಹುಟ್ಟಿದುದು ಆ ಸೋಲಿನಿಂದಲೇ.

ಕೀರ್ತಿಯು ಇನ್ನೂ ಬೆಳೆಯುತ್ತಿದ್ದಾಗಲೇ, 1885ರಲ್ಲಿ, ಸ್ಟಡ್ ಆರು ಮಂದಿ ಸಂಗಡಿಗರೊಡನೆ ಚೀನಾಕ್ಕೆ ಹೊರಟುಹೋದನು. ತನ್ನ ಪಾಲಿಗೆ ಬಂದ ಸುಮಾರು 29,000 ಪೌಂಡುಗಳನ್ನು ಧರ್ಮಕಾರ್ಯಗಳಿಗೆ ಹಂಚಿಬಿಟ್ಟನು. ಅದರಲ್ಲಿ ಒಂದು ಭಾಗವು ಹಿಂದೂಸ್ಥಾನದಲ್ಲಿ ನಡೆಯುತ್ತಿದ್ದ ಸಾಲ್ವೇಷನ್ ಆರ್ಮಿಯ ಕೆಲಸಕ್ಕೆ ಸಂದಿತು. ನೀಲಿಯ ಬೆಳೆಯು ರೈತನನ್ನು ಹೇಗೆ ಹಿಂಡಿತೆಂಬುದನ್ನು 1917ರ ಚಂಪಾರಣ್ಯವು ಲೋಕಕ್ಕೆ ತೋರಿಸಿತು. ಆ ಬೆಳೆಯ ಹಣದ ಒಂದಂಶವು ಈ ನೆಲಕ್ಕೆ ಮರಳಿತೆಂದು ನಾವು ಹೇಳಬಹುದು. ಬೆಳೆದವನ ಕೈಯನ್ನು ಸೇರಿತೆಂದು ಹೇಳಲಾಗದು.

1900ರಿಂದ 1906ರವರೆಗೆ ಸ್ಟಡ್ ಉದಕಮಂಡಲದ ಯೂನಿಯನ್ ಚರ್ಚಿನಲ್ಲಿ ಪಾದ್ರಿಯಾಗಿದ್ದನು. ಕನ್ನಡಕ್ಕೆ ತೀರ ಹತ್ತಿರವಾದ ನುಡಿಯನ್ನಾಡುವ ಬಡಗರ ನಾಡದು; ಮೈಸೂರಿನ ಅರಸರಿಗೂ ಅಲ್ಲಿ ಅರಮನೆಯಿದ್ದಿತು. ಅಲ್ಲಿಯ ತಂಪು ಹವೆ, ನಿಶ್ಚಿಂತೆಯ ಗೃಹಜೀವನ, ಇವಾವುವೂ ಈತನನ್ನು ಹಿಡಿದು ನಿಲ್ಲಿಸಲಿಲ್ಲ. ಐವತ್ತು ದಾಟಿದ ಮೇಲೆ, ಉಬ್ಬಸದಿಂದ ಬಳಲುತ್ತಲೇ, 1913ರಲ್ಲಿ ಆಫ್ರಿಕದ ಕಾಂಗೋ ಅರಣ್ಯಕ್ಕೆ ತೆರಳಿ ನೆಲಸಿದನು. ಅಸ್ವಸ್ಥಳಾಗಿದ್ದ ಹೆಂಡತಿ ಪ್ರಿಸಿಲ್ಲಾ ಇಂಗ್ಲೆಂಡಿನಲ್ಲಿಯೇ ಉಳಿದು, ಗಂಡನ ಕೆಲಸಕ್ಕೆ ಬೇಕಾದ ಜನವನ್ನೂ ಧನವನ್ನೂ ಕೂಡಿಸುತ್ತಿದ್ದಳು. ಆಕೆ ಕಾಂಗೋವನ್ನು ಕಂಡದ್ದು 1928ರಲ್ಲಿ, ಕೆಲವೇ ದಿನಗಳ ಮಟ್ಟಿಗೆ, ಮರುವರ್ಷವೇ ತೀರಿಕೊಂಡಳು. 1931ರ ಜುಲೈಯಲ್ಲಿ ಇಬಾಂಬಿ ಎಂಬಲ್ಲಿ ಸ್ಟಡ್ ಕೂಡ ಮರಣಹೊಂದಿದನು.

ಹಣವನ್ನೂ ಹೆಸರನ್ನೂ ಬಿಟ್ಟವನನ್ನು ನಾವು ತ್ಯಾಗಿಯೆಂದು ಕೊಂಡಾಡುತ್ತೇವೆ; ಅದು ನ್ಯಾಯವೇ ಸರಿ. ಆದರೆ ಆ ತ್ಯಾಗದ ಭಾರವನ್ನು ಮನೆಯಲ್ಲಿ ಕುಳಿತು ಹೊತ್ತವಳ ಲೆಕ್ಕವನ್ನೂ ಇಡದೆ ಹೋದರೆ, ನಮ್ಮ ಪ್ರಶಂಸೆಯು ಅರೆಯಾಗಿಯೇ ಉಳಿಯುವುದು.